ನೀರಿಗೆ ಬಿದ್ದ ಟೇಪು

ಗುಂಡಿಯಕ್ಕ ಹೊಲಿದ ಗುಂಡಿ ಕಿತ್ತು ಬಂದದ್ದನ್ನು ನಾನು ಕಂಡಿಲ್ಲ. ಅಂಗಿ ಹಳತಾಗಿ ಎಳೆ ಬಿಟ್ಟರೂ ಗುಂಡಿ ಮಾತ್ರ ಇದ್ದಲ್ಲೇ ಇರುತ್ತಿತ್ತು. ತೂತಿನಿಂದ ತೂತಿಗೆ ನಾಲ್ಕು ಸಲ ದಾರ ಹಾಯಿಸಿ, ಗುಂಡಿಗೂ ಬಟ್ಟೆಗೂ ನಡುವೆ ಆರು ಸುತ್ತು ಬಿಗಿದು, ಒಳಬದಿಯಲ್ಲಿ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದಳು. ಕತ್ತರಿ ಪಕ್ಕದಲ್ಲೇ ಬಿದ್ದಿದ್ದರೂ ಅವಳಿಗೆ ಹಲ್ಲೇ ಆಗಬೇಕು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಆದರೂ ಇಡೀ ಅಂಗಡಿಗೆ ಅವಳು ಅಕ್ಕ, ಹಾಗಾಗಿ ನನಗೂ ಅಕ್ಕ. ಅವಳು ನನ್ನನ್ನು ಇಸ್ತ್ರಿಯಕ್ಕ ಎನ್ನುತ್ತಿದ್ದಳು. ಹೀಗೆ ಒಬ್ಬರಿಗೊಬ್ಬರು ಅಕ್ಕಂದಿರಾಗಿ ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದೆವು.

ಹೋದ ವರ್ಷ ಅವಳು ತೀರಿಕೊಂಡಳು. ಬಂದವರೆಲ್ಲ ಎಂಥ ಒಳ್ಳೆಯ ಜೀವ ಎಂದರು. ಸತ್ತವರ ಮುಂದೆ ಎಲ್ಲರೂ ಹೇಳುವ ಮಾತು ಅದು. ನಾನು ಬಾಯಿ ಹೊಲಿದುಕೊಂಡು ನಿಂತಿದ್ದೆ. ಸುಮ್ಮನಿರುವುದು ನನ್ನ ಹುಟ್ಟುಗುಣವಲ್ಲ ಎಂದು ಬಲ್ಲ ಅವಳ ಗಂಡ ನನ್ನನ್ನು ಪಕ್ಕಕ್ಕೆ ಕರೆದು, “ಹೇಳಿಬಿಡು ಇಸ್ತ್ರಿಯಕ್ಕ, ಇನ್ನು ಯಾರಿಗೋಸ್ಕರ ಮುಚ್ಚಿಡೋದು” ಎಂದ. ಅದಕ್ಕೇ ಹೇಳುತ್ತಿದ್ದೇನೆ. ಅವಳು ಒಳ್ಳೆಯವಳು ಹೌದು. ಒಂದು ದೊಡ್ಡ ಅನ್ಯಾಯ ಮಾಡಿದವಳೂ ಹೌದು.

ನಮ್ಮದು ಕೋಟು ಹೊಲಿಯುವ ಅಂಗಡಿ. ಮುಂದೆ ಗಾಜಿನ ಬಾಗಿಲು, ಒಳಗೆ ಉದ್ದನೆಯ ಕಟಿಂಗ್ ಮೇಜು, ಅದರ ಹಿಂದೆ ಸಾಲಾಗಿ ಐದು ಮಿಷನ್ನು, ಮೂಲೆಯಲ್ಲಿ ನನ್ನ ಇಸ್ತ್ರಿ ಮೇಜು, ಅದಕ್ಕೆ ತಾಗಿ ಕೈತೊಳೆಯುವ ನಲ್ಲಿ. ನಲ್ಲಿಯ ಮೇಲೆ ಗೋಡೆಗೆ ಒಂದು ಮೊಳೆ. ಈ ಮೊಳೆಯನ್ನು ನೆನಪಿಟ್ಟುಕೊಳ್ಳಿ. ಮಧ್ಯಾಹ್ನ ಊಟಕ್ಕೆ ಏಳುವಾಗ ದೊಡ್ಡ ಮಾಸ್ಟರ್ ಕೊರಳಿನ ಟೇಪನ್ನು ತೆಗೆದು ಅದಕ್ಕೆ ತೂಗುಹಾಕುತ್ತಿದ್ದರು. ಉಂಡು, ಅರ್ಧ ಗಂಟೆ ಕುರ್ಚಿಯಲ್ಲೇ ಕಣ್ಣು ಮುಚ್ಚಿ, ಎದ್ದು ಮುಖ ತೊಳೆದು ಮತ್ತೆ ಕೊರಳಿಗೆ ಹಾಕಿಕೊಳ್ಳುತ್ತಿದ್ದರು.

ದೊಡ್ಡ ಮಾಸ್ಟರ್ ಅಂದರೆ ನಮ್ಮ ಕಟಿಂಗ್ ಮಾಸ್ಟರ್. ಮದುವೆಯಾಗದ ಮನುಷ್ಯ. ಕತ್ತರಿಯನ್ನೇ ಕಟ್ಟಿಕೊಂಡಿದ್ದಾರೆ ಎಂದು ನಾವು ನಗುತ್ತಿದ್ದೆವು. ಬಾಗಿಲಲ್ಲಿ ಗಿರಾಕಿ ಕಾಣಿಸಿಕೊಂಡರೆ ಸಾಕು, ಬಲಭುಜ ಇಳಿದಿದೆಯೋ ಎಡಭುಜವೋ ಎಂದು ಹೇಳಿಬಿಡುತ್ತಿದ್ದರು. ಅವರಿಗೆ ಒಂದು ಹಮ್ಮು ಇತ್ತು. ಬೇರೆ ಮಾಸ್ಟರುಗಳು ಮುಂದೆ ಬೇಕಾದೀತೆಂದು ಹೊಲಿಗೆಯ ಒಳಗೆ ಒಂದಿಂಚು ಬಟ್ಟೆ ಬಿಡುತ್ತಾರೆ, ಇವರು ಬಿಡುತ್ತಿರಲಿಲ್ಲ. ಧೈರ್ಯ ಇಲ್ಲದವನು ಬಟ್ಟೆ ಬಿಡುತ್ತಾನೆ ಎನ್ನುತ್ತಿದ್ದರು. ಇನ್ನೊಂದು ಮಾತನ್ನು ಕೆಲಸ ಕಲಿಯಲು ಬಂದ ಪ್ರತಿಯೊಬ್ಬರಿಗೂ ಮೊದಲ ದಿನವೇ ಹೇಳುತ್ತಿದ್ದರು. “ಯಾವ ಟೇಪಲ್ಲಿ ಅಳತೆ ತಗೋತೀಯೋ ಅದರಲ್ಲೇ ಕತ್ತರಿಸು. ಟೇಪು ಸುಳ್ಳು ಹೇಳಿದ್ರೂ ಪರವಾಗಿಲ್ಲ, ಎರಡು ಸಲಾನೂ ಒಂದೇ ಸುಳ್ಳು ಹೇಳ್ಬೇಕು.”

ಅವರ ಕೈಕೆಳಗೆ ಕೆಲಸ ಕಲಿತು, ಅವರ ಪಕ್ಕದಲ್ಲೇ ಹದಿನಾಲ್ಕು ವರ್ಷ ನಿಂತು, ಅವರು ಕೂಗಿದ ಅಳತೆಯನ್ನು ಪುಸ್ತಕದಲ್ಲಿ ಬರೆದುಕೊಂಡವನು ಸಣ್ಣ ಮಾಸ್ಟರ್. ಗುಂಡಿಯಕ್ಕನ ಗಂಡ. ಇಬ್ಬರಿಗೂ ಹೆತ್ತವರಿರಲಿಲ್ಲ. ಹೆಣ್ಣು ನೋಡಿದವರೂ ದೊಡ್ಡ ಮಾಸ್ಟರೇ, ಮದುವೆಯ ಕೋಟು ಕತ್ತರಿಸಿದವರೂ ಅವರೇ. ಆ ದಿನ ತಮ್ಮ ಕೊರಳಲ್ಲಿದ್ದಂಥದೇ ಒಂದು ಬಟ್ಟೆಯ ಟೇಪನ್ನು, ಒಂದೇ ಅಂಗಡಿಯಲ್ಲಿ ಒಟ್ಟಿಗೆ ತಂದ ಜೋಡಿಯಲ್ಲಿ ಒಂದನ್ನು, ಮದುಮಗನ ಕೊರಳಿಗೆ ಹಾಕಿ, ಇನ್ನೆರಡು ವರ್ಷ, ಆಮೇಲೆ ಈ ಮೇಜು ನಿನ್ನದು ಎಂದಿದ್ದರು. ಎರಡು ವರ್ಷವಾಯಿತು. ಇನ್ನೆರಡು ವರ್ಷ ಎಂದರು. ನಾಲ್ಕಾಯಿತು, ಎಂಟಾಯಿತು, ಎರಡು ವರ್ಷ ಮಾತ್ರ ಎರಡೇ ಆಗಿ ಉಳಿಯಿತು. ಮೋಸಕ್ಕೆ ಹೇಳುತ್ತಿದ್ದರು ಎನ್ನಲಾರೆ. ಕೆಲಸ ಬಿಟ್ಟರೆ ಎಲ್ಲಿಗೆ ಹೋಗಬೇಕೆಂದು ಅವರಿಗೇ ತಿಳಿದಿರಲಿಲ್ಲ, ಅಷ್ಟೇ.

ಒಂದು ದಿನ ಅಂಗಡಿ ಮಾಲೀಕರು ಒಳಗೆ ಬಂದವರು ಸಣ್ಣ ಮಾಸ್ಟರನ ಭುಜ ತಟ್ಟಿ, ಮುಂದಿನ ಮಾಸ್ಟರ್ ನೀನೇ ಕಣಯ್ಯ, ಮೇಲಿನ ಎರಡು ಕೋಣೆಗೆ ಸುಣ್ಣ ಹೊಡೆಸಿಡ್ತೀನಿ ಎಂದು ನಗುತ್ತಾ ಹೋದರು. ಅಂಗಡಿಯ ಮೇಲೆ ಮಾಸ್ಟರಿಗೆಂದು ಎರಡು ಕೋಣೆ ಇದ್ದವು, ಬೀದಿಗೆ ಕಿಟಕಿ ಇದ್ದ ಕೋಣೆಗಳು. ದೊಡ್ಡ ಮಾಸ್ಟರ್ ತಂಗಿಯ ಮನೆಯಲ್ಲಿದ್ದುದರಿಂದ ಖಾಲಿ ಬಿದ್ದಿದ್ದವು. ಗಂಡ ಹೆಂಡತಿ ಇದ್ದದ್ದು ಬಣ್ಣ ಹಾಕುವವರ ಶೆಡ್ಡಿನ ಹಿಂದಿನ ಒಂದೇ ಕೋಣೆಯಲ್ಲಿ. ಅಲ್ಲಿ ಒಣಗಲು ಹಾಕಿದ ಬಿಳಿ ಬಟ್ಟೆ ಸಂಜೆಗೆ ನೀಲಿಯಾಗುತ್ತಿತ್ತು. ಮಾಲೀಕರು ಅಂದೇ ಮರೆತ ಮಾತು ಅದು. ಸಣ್ಣ ಮಾಸ್ಟರ್ ಅದನ್ನು ಮನೆಗೆ ಹೊತ್ತೊಯ್ದು ಹೆಂಡತಿಗೆ ಹೇಳಿದ. ಅಲ್ಲಿಂದ ಶುರುವಾಯಿತು.

ಇದನ್ನೆಲ್ಲ ಅವಳೇ ನನಗೆ ಹೇಳಿದ್ದು, ಏಳು ವರ್ಷ ಆದ ಮೇಲೆ. ಮೊದಲು ಆ ಯೋಚನೆ ಬಂದದ್ದು ಯಾರಿಗೆ ಎಂದು ಕೇಳಿದೆ. ಬಂದದ್ದು ಅವನಿಗೆ, ಬಿಡದೆ ಹಿಡಿದುಕೊಂಡದ್ದು ನಾನು ಎಂದಳು. ಅವನು ಒಮ್ಮೆ ಹೇಳಿ ಬೆಚ್ಚಿ, ಅನ್ನ ಹಾಕಿದ ಕೈ ಅದು, ಬೇಡ ಎಂದನಂತೆ. ಇವಳು ಬಿಡಲಿಲ್ಲ. ಹದಿನಾಲ್ಕು ವರ್ಷ ಇನ್ನೊಬ್ಬರ ಅಳತೆ ಬರೆದುಕೊಂಡೇ ಮುದುಕನಾಗು, ನಿನ್ನಂಥವನ ಕೈ ಹಿಡಿದೆನಲ್ಲ ಎಂದು ಒಮ್ಮೆ ಚುಚ್ಚುವುದು, ಮತ್ತೊಮ್ಮೆ ತಲೆ ಸವರಿ ಸಮಾಧಾನ ಹೇಳುವುದು. “ನಾವೇನು ಕೊಲೆ ಮಾಡ್ತಿದೀವಾ? ಒಂದು ಸಲ ತಪ್ಪಾದ್ರೆ ಅವರೇ ಸಾಕು ಅಂತಾರೆ. ದಣಿದಿದ್ದಾರೆ ಪಾಪ. ಮನೇಲಿ ಆರಾಮಾಗಿ ಇರ್ಲಿ.” ಈ ಮಾತನ್ನು ಎಷ್ಟು ಸಲ ಹೇಳಿದಳೆಂದರೆ, ಕೊನೆಗೆ ತಾವು ಮಾಡಹೊರಟದ್ದು ಉಪಕಾರವೇ ಎಂದು ಇಬ್ಬರಿಗೂ ಅನ್ನಿಸಿತಂತೆ.

ಅಷ್ಟರಲ್ಲಿ ಒಂದು ಬ್ಯಾಂಡ್ ತಂಡದ ನಲವತ್ತು ಕೋಟಿನ ಕೆಲಸ ಬಂತು. ಕೆಂಪು ಕೋಟು, ಪಿತ್ತಳೆ ಗುಂಡಿ, ಹತ್ತೇ ದಿನ ಗಡುವು. ಹಾಕಿ ನೋಡಿ ಸರಿಮಾಡಲು ಸಮಯವಿಲ್ಲ, ನೇರವಾಗಿ ಕತ್ತರಿಸಿ ಹೊಲಿಯಬೇಕು. ದೊಡ್ಡ ಮಾಸ್ಟರ್ ಎರಡು ದಿನ ನಿಂತು ನಲವತ್ತು ಮೈ ಅಳೆದರು. ಎರಡನೆಯ ದಿನ ಬೆಳಿಗ್ಗೆ ಗುಂಡಿಯಕ್ಕ ಒಂದು ಒದ್ದೆ ಟೇಪು ಹಿಡಿದುಕೊಂಡು ನನ್ನ ಮೇಜಿಗೆ ಬಂದಳು. ಗಂಡನದು, ನೀರಿಗೆ ಬಿತ್ತು, ಸ್ವಲ್ಪ ಒಣಗಿಸಿಕೊಡು ಇಸ್ತ್ರಿಯಕ್ಕ ಎಂದಳು. ಬಟ್ಟೆಯ ಟೇಪು ನೀರಿಗೆ ಬೀಳಬಾರದು, ಬಿದ್ದರೆ ಕುಗ್ಗುತ್ತದೆ, ಹೊಲಿಗೆ ಬಲ್ಲ ಯಾರಿಗೂ ಗೊತ್ತಿರುವ ವಿಷಯ. ಇದು ಬಿದ್ದದ್ದಲ್ಲ, ಕುದಿಯುವ ನೀರಿನಲ್ಲಿ ಮೂರು ಸಲ ಅದ್ದಿ ತೆಗೆದದ್ದು. ನನಗೇನು ಗೊತ್ತು? ಇನ್ನು ಇದರಲ್ಲಿ ಅಳೀಬೇಡ ಅನ್ನು ಮಾರಾಯ್ತಿ ನಿನ್ನ ಗಂಡನಿಗೆ ಎಂದು ಗೊಣಗುತ್ತಾ ಕಾದ ಇಸ್ತ್ರಿಯನ್ನು ಅದರ ಮೇಲೆ ಓಡಿಸಿದೆ. ಹಬೆ ಎದ್ದಿತು. ಇನ್ನಷ್ಟು ಕುಗ್ಗಿತು. ಅರವತ್ತು ಇಂಚಿನ ಟೇಪು ಜೋಡಿಗಿಂತ ನಾಲ್ಕು ಬೆರಳು ಗಿಡ್ಡವಾದದ್ದು ನನ್ನ ಕೈಯಲ್ಲೇ.

ಮರುದಿನ ಊಟದ ನಂತರ ಕತ್ತರಿಸುವ ಕೆಲಸ. ಮಧ್ಯಾಹ್ನದ ಊಟಕ್ಕೆ ದೊಡ್ಡ ಮಾಸ್ಟರ್ ತಮ್ಮ ಟೇಪನ್ನು ಮೊಳೆಗೆ ಹಾಕಿ ಕೂತರು. ಬದಲಿಸಬೇಕಾದವನು ಸಣ್ಣ ಮಾಸ್ಟರ್. ಅವನು ಮೊಳೆಯಿಂದ ಟೇಪು ತೆಗೆದವನು ಎರಡನ್ನೂ ಕೈಯಲ್ಲಿ ಹಿಡಿದು ನಲ್ಲಿಯ ಮುಂದೆ ಕಂಬದಂತೆ ನಿಂತುಬಿಟ್ಟ. ಮುಖ ಬಿಳಿಚಿಕೊಂಡಿತ್ತು. ಹೊಟ್ಟೆ ಕೆಟ್ಟಿದೆ ಎಂದುಕೊಂಡು ನಾನು ಒಂದು ಲೋಟ ನೀರು ಕೊಟ್ಟೆ. ಗುಂಡಿಯಕ್ಕ ಎದ್ದು ಬಂದು, ಗಂಡನ ಕೈಯಿಂದ ಟೇಪುಗಳನ್ನು ತೆಗೆದುಕೊಂಡು, ಒಂದನ್ನು ಸೆರಗಿಗೆ ಸೇರಿಸಿ ಇನ್ನೊಂದನ್ನು ಮೊಳೆಗೆ ಹಾಕಿ, ಕೈ ತೊಳೆದು, ಮತ್ತೆ ಗುಂಡಿ ಹೊಲಿಯಲು ಕೂತಳು. ಸೂಜಿಗೆ ದಾರ ಒಂದೇ ಸಲಕ್ಕೆ ಪೋಣಿಸಿದಳು. ಅದು ನನಗೆ ನೆನಪಿದೆ.

ಆ ಮಧ್ಯಾಹ್ನವೂ ಮರುದಿನವೂ ದೊಡ್ಡ ಮಾಸ್ಟರ್ ನಲವತ್ತು ಕೋಟು ಕತ್ತರಿಸಿದರು. ಅಳೆದದ್ದು ಸರಿ ಟೇಪಿನಲ್ಲಿ, ಕತ್ತರಿಸಿದ್ದು ಕುಗ್ಗಿದ ಟೇಪಿನಲ್ಲಿ. ನಲವತ್ತಿಂಚಿನ ಎದೆಗೆ ಮೂವತ್ತೆಂಟಿಂಚಿನ ಕೋಟು. ಕೆಲಸ ಮುಗಿದ ಸಂಜೆ ಗುಂಡಿಯಕ್ಕ ಮತ್ತೆ ಅದಲುಬದಲು ಮಾಡಿ, ಅವರ ಟೇಪನ್ನು ಅವರಿಗೇ ಸೇರಿಸಿದಳು.

ಕೋಟು ಒಯ್ಯಲು ಬಂದ ಬ್ಯಾಂಡಿನವರು ಅಂಗಡಿಯ ಮುಂದೆಯೇ ಹಾಕಿಕೊಂಡರು. ಬಿಗಿ, ಬಿಗಿ ಎಂದು ಒಬ್ಬೊಬ್ಬರೇ ಹೇಳತೊಡಗಿದರು. ದೊಡ್ಡ ಮಾಸ್ಟರ್ ನಕ್ಕರು, ಹೊಸ ಕೋಟು ಹಾಗೇ ಇರುತ್ತದೆ ಎಂದರು. ಆಗ ಕಹಳೆಯವನು ನೋಡೇಬಿಡೋಣ ಎಂದು ಎದೆ ತುಂಬ ಉಸಿರೆಳೆದು ಊದಿದ. ಗುಂಡಿ ಹಾರಲಿಲ್ಲ, ಗುಂಡಿಯಕ್ಕ ಹೊಲಿದದ್ದಲ್ಲವೇ. ಗುಂಡಿಯನ್ನು ಹಿಡಿದುಕೊಂಡಿದ್ದ ಬಟ್ಟೆಯೇ ಪರ್ರನೆ ಹರಿಯಿತು. ಬೀದಿಯಲ್ಲಿ ನಿಂತಿದ್ದವರು ನಕ್ಕರು. ಬಿಚ್ಚಿ ಅಗಲ ಮಾಡೋಣವೆಂದರೆ ಒಳಗೆ ಬಟ್ಟೆಯೇ ಇಲ್ಲ.

ದೊಡ್ಡ ಮಾಸ್ಟರ್ ಒಂದು ಕೋಟನ್ನು ಮೇಜಿನ ಮೇಲೆ ಹಾಸಿ ಅಳೆದರು. ಪುಸ್ತಕ ನೋಡಿದರು. ಇನ್ನೊಂದನ್ನು ಅಳೆದರು. ಆಮೇಲೆ ತಮ್ಮ ಟೇಪನ್ನು ಮೇಜಿನ ಅಂಚಿಗೆ ಕೊರೆದಿದ್ದ ಇಂಚಿನ ಗುರುತಿನ ಪಕ್ಕ ಇಟ್ಟು ನೋಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. “ಟೇಪು ಸರಿಯಾಗೇ ಇದೆ” ಎಂದರು. ಟೇಪನ್ನು ಸುತ್ತುತ್ತಾ, “ನಾನೇ ಸರಿ ಇಲ್ಲ” ಎಂದರು.

ಮಾಲೀಕರು ಹೋಗಿ ಎನ್ನಲಿಲ್ಲ. ಅವರೇ ಹೋದರು. ಹೋಗುವ ಮುನ್ನ ತಮ್ಮ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಸಣ್ಣ ಮಾಸ್ಟರನ ಎರಡೂ ಕೈಯಲ್ಲಿಟ್ಟು, ನನ್ನ ಕಣ್ಣು ಕೈ ಎರಡೂ ಹೋದವು, ನಿನ್ನವು ಇವೆ, ಸದ್ಯ ಎಂದರು. ಅವನು ಬಾಯಿ ತೆರೆದ. ಇನ್ನೊಂದು ಗಳಿಗೆ ಕಳೆದಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದನಂತೆ. ಗುಂಡಿಯಕ್ಕ ನಡುವೆ ಬಂದು, ಕುರ್ಚಿ ತರ್ತೀನಿ ಮಾಸ್ಟ್ರೇ, ಕೂತ್ಕೊಳ್ಳಿ ಎಂದು ಗಂಡನನ್ನು ಪಕ್ಕಕ್ಕೆ ಸರಿಸಿದಳು. ಅಂದು ಅಂಗಡಿಯಲ್ಲಿ ಅಳದೆ ಇದ್ದವಳು ಅವಳೊಬ್ಬಳೇ. ಗಟ್ಟಿ ಹೆಂಗಸು ಎಂದು ನಾವೆಲ್ಲ ಮೆಚ್ಚಿಕೊಂಡೆವು.

ಸಣ್ಣ ಮಾಸ್ಟರೇ ಮಾಸ್ಟರಾಗಿ ಗಂಡ ಹೆಂಡತಿ ಮೇಲಿನ ಕೋಣೆಗೆ ಹೋದ ಮೊದಲ ವರ್ಷ ಅವಳದು. ಕಿಟಕಿಗೆ ಪರದೆ ಹೊಲಿದಳು, ಬಿಳಿ ಬಟ್ಟೆಯನ್ನು ಬಿಳಿಯಾಗಿಯೇ ಒಣಗಿಸಿದಳು. ಅವನು ಮಾತ್ರ ಒಳಗೊಳಗೇ ಸೊರಗಿದ. ಮಾಸ್ಟ್ರೇ ಎಂದು ಯಾರಾದರೂ ಕೂಗಿದರೆ ಹಿಂದೆ ತಿರುಗಿ ನೋಡುತ್ತಿದ್ದ, ಅವರು ಬಂದು ನಿಂತಿದ್ದಾರೇನೋ ಎಂಬಂತೆ. ಹೇಳಿಬಿಡೋಣ ಎನ್ನುತ್ತಿದ್ದ. ಟೇಪನ್ನು ಒಲೆಗೆ ಹಾಕಿ ಸುಟ್ಟಾಯ್ತು, ಇನ್ನೇನನ್ನು ತೋರಿಸಿ ಹೇಳ್ತೀಯ ಎಂದು ಇವಳು ಬಾಯಿ ಮುಚ್ಚಿಸುತ್ತಿದ್ದಳು.

ಆಮೇಲೆ ತಕ್ಕಡಿ ನಿಧಾನಕ್ಕೆ ಅವನ ಕಡೆ ವಾಲಿತು. ಯಾವ ದಿನ ಎಂದು ಅವಳಿಗೂ ಹೇಳಲಾಗಲಿಲ್ಲ. ಒಂದು ದಿನ ನಾನು ತಮಾಷೆಗೆ, ನೀರಿಗೆ ಬಿದ್ದ ನಿಮ್ಮ ಹಳೇ ಟೇಪು ಎಲ್ಲಿ ಹೋಯ್ತು ಮಾಸ್ಟ್ರೇ, ಕೊರಳಲ್ಲಿ ಹೊಸದು ಕಾಣ್ತಿದೆ ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅವನು ಕೊರಳನ್ನೇ ಮುಟ್ಟಿಕೊಂಡ. ನನಗೆ ಆಗಲೂ ಹೊಳೆಯಲಿಲ್ಲ. ಹದಿನೈದು ದಿನ ಕಳೆದು ಒಂದು ಕಪ್ಪು ಕೋಟಿನ ಎದೆಯ ಮೇಲೆ ಇಸ್ತ್ರಿಯ ಆಕಾರದ ಸುಟ್ಟ ಕಲೆ ಕಾಣಿಸಿಕೊಂಡಿತು. ಆ ಬೆಳಿಗ್ಗೆ ನನ್ನ ಇಸ್ತ್ರಿ ಇನ್ನೂ ಕಾದೇ ಇರಲಿಲ್ಲ. ಮಾಲೀಕರಿಗೆ ಅದನ್ನು ತೋರಿಸಿದವನು ಅವನು, ಇಸ್ತ್ರಿಯಕ್ಕನ ಕೈ ಕೆಟ್ಟಿದೆ ಎಂದವನೂ ಅವನು. ಗುಂಡಿಯಕ್ಕ ತಲೆ ಎತ್ತಿ ಗಂಡನನ್ನು ನೋಡಿದಳು, ಆಮೇಲೆ ತಲೆ ತಗ್ಗಿಸಿ ಹೊಲಿಯತೊಡಗಿದಳು. ಅವಳಿಗೆ ಹೇಳದೆ, ಕೇಳದೆ ಅವನು ಮಾಡಿದ ಮೊದಲ ಕೆಲಸ ಅದಂತೆ. ಅದು ನನಗೆ ಸಮಾಧಾನ ಕೊಡುವ ಸಂಗತಿ ಎಂದು ಅವಳು ಯಾಕೆ ತಿಳಿದುಕೊಂಡಳೋ ಗೊತ್ತಿಲ್ಲ. ಹನ್ನೊಂದು ವರ್ಷದ ಕೆಲಸ ಕಳೆದುಕೊಂಡು, ಎರಡು ಬೀದಿ ಆಚೆ ಇಸ್ತ್ರಿ ಗಾಡಿ ಇಟ್ಟುಕೊಂಡು ನಿಂತವಳು ನಾನು.

ಅವನು ಗಟ್ಟಿಯಾದ. ನಿದ್ದೆ ಬಂತು, ಮೈ ಬಂತು, ದನಿ ದಪ್ಪಗಾಯಿತು. ನಾನೇ ದೊಡ್ಡವನು, ನಾನೇ ಕಲಿತೆ ಎಂದು ಹೇಳುತ್ತಾ ಹೇಳುತ್ತಾ ಹಾಗೇ ನಂಬಿದ. ಅವಳು ಸಡಿಲವಾದಳು. ಗಂಡನ ಜೊತೆ ಹಂಚಿಕೊಂಡ ಗುಟ್ಟು ಒಂದೇ, ಆ ಗುಟ್ಟಿನ ಮಾತೂ ನಿಂತ ಮೇಲೆ ಅವಳಿಗೆ ಉಳಿದದ್ದು ಟೇಪು. ಹೊಸ್ತಿಲನ್ನು ಅಳೆಯುವಳು, ಚಮಚವನ್ನು ಅಳೆಯುವಳು, ಉಣ್ಣುತ್ತಾ ಕೂತ ಗಂಡನ ಬೆನ್ನನ್ನು ಅಳೆಯುವಳು. ಒಂದು ಸಲ ಅಳೆದರೆ ಸಾಲದು, ಮೂರು ಸಲ. ಹುಚ್ಚು ಹಿಡಿದಿದೆ ಎಂದು ಅಂಗಡಿಯವರು ಆಡಿಕೊಂಡರಂತೆ. ಅವನು ಬೈದ, ಟೇಪು ಕಿತ್ತಿಟ್ಟ. ಆಗ ಗೇಣು ಹಾಕಿ ಅಳೆದಳು.

ಏಳನೆಯ ವರ್ಷ ಅವಳು ನನ್ನ ಗಾಡಿಗೆ ಬಂದಳು. ಗಾಡಿಯ ಪಕ್ಕದ ಕಲ್ಲಿನ ಮೇಲೆ ಕೂತು, ಗುಂಡಿಯ ಡಬ್ಬಿ ತೆಗೆದು, ಗುಂಡಿಗಳ ಕೆಳಗಿನಿಂದ ಸುರುಳಿ ಸುತ್ತಿದ ಟೇಪೊಂದನ್ನು ಎತ್ತಿ ಹಿಡಿದಳು. ಸುಟ್ಟೆ ಎಂದು ಗಂಡನಿಗೆ ಹೇಳಿದ್ದು ಸುಳ್ಳು. ಮೊದಲಿನಿಂದ ಕೊನೆವರೆಗೂ ಹೇಳಿದಳು. ಕೇಳುತ್ತಾ ಕೇಳುತ್ತಾ ನನ್ನ ಮೈ ಉರಿಯಿತು. ಯಾಕೆ ಇಟ್ಟುಕೊಂಡೆ ಎಂದೆ.

“ಸುಟ್ಟುಬಿಟ್ಟಿದ್ರೆ ಒಂದಿನ ನಾನೂ ನಂಬಿಬಿಡ್ತಿದ್ದೆ, ಹಾಗೇನೂ ನಡೀಲೇ ಇಲ್ಲ ಅಂತ.”

ನಾನು ಅವಳ ಕಣ್ಣೀರು ಒರೆಸಲಿಲ್ಲ. ಅಷ್ಟು ದೊಡ್ಡ ಮನಸ್ಸು ನನ್ನದಲ್ಲ. ದೊಡ್ಡ ಮಾಸ್ಟರ್ ಹೇಗಿದ್ದಾರೆ ಎಂದು ನನಗೆ ಗೊತ್ತಿತ್ತು, ಅವರ ತಂಗಿಯ ಮನೆ ನಾನು ಬಟ್ಟೆ ಕೊಡುವ ಬೀದಿಯಲ್ಲೇ ಇತ್ತು. ಏಳು ವರ್ಷದಲ್ಲಿ ಅವರು ಕತ್ತರಿ ಮುಟ್ಟಿರಲಿಲ್ಲ. ಸಿದ್ಧ ಅಂಗಿ ತರಿಸಿ, ಬೆರಳು ಮುಚ್ಚುವ ತೋಳನ್ನು ಮಡಚಿಕೊಂಡು ತಿರುಗುತ್ತಿದ್ದರು. ಲೋಟ ತುಂಬಿತೇ ಎಂದು ತಂಗಿಯನ್ನು ಕೇಳುತ್ತಿದ್ದರು, ಬೀದಿ ದಾಟುವಾಗ ಗಾಡಿ ದೂರ ಇದೆಯೇ ಎಂದು ಪಕ್ಕದವರನ್ನು ಕೇಳುತ್ತಿದ್ದರು. ಕಣ್ಣಿನ ಡಾಕ್ಟರು ಕಣ್ಣು ಚೆನ್ನಾಗಿದೆ ಎಂದರೂ ನಂಬಲಿಲ್ಲ. ಈಗ ಶ್ವಾಸಕೋಶ ಕೆಟ್ಟಿದೆ, ಕೆಲವೇ ತಿಂಗಳು ಎಂದು ಆಸ್ಪತ್ರೆಯವರು ಹೇಳಿದ್ದರು. ತಮ್ಮ ಕಣ್ಣು ಕೈ ಕೆಟ್ಟಿದ್ದವು ಎಂದು ನಂಬಿಕೊಂಡೇ ಹೋಗಿಬಿಡುತ್ತಾರೆ ಎಂದೆ. ನನ್ನ ಹತ್ತಿರ ಅತ್ತು ಏನು ಪ್ರಯೋಜನ, ಅಳಬೇಕಾದ ಮನೆ ಬೇರೆ ಇದೆ ಎಂದೂ ಹೇಳಿದೆ.

ಹೋಗಿ ಹೇಳಿಬರಲೇ ಎಂದು ಅವಳು ಗಂಡನನ್ನು ಕೇಳಿದಳಂತೆ. ಸತ್ತ ಹಾವನ್ನು ಯಾಕೆ ಹೊಡೆಯುತ್ತೀಯ, ಅವರೇ ಒಪ್ಪಿಕೊಂಡು ಕೂತಿದ್ದಾರೆ ಎಂದ. ಅವರು ಒಪ್ಪಿಕೊಂಡದ್ದೇ ಸುಳ್ಳಲ್ಲವೇ ಎಂದಳು. ಹೋದರೆ ಈ ಮನೆಗೆ ಮತ್ತೆ ಬರಬೇಡ ಎಂದ. ಮರುದಿನ ಬೆಳಿಗ್ಗೆ ಅವಳು ಡಬ್ಬಿ ಹಿಡಿದು ನನ್ನ ಗಾಡಿಗೆ ಬಂದಳು. ಒಬ್ಬಳೇ ಹೋಗಲು ಧೈರ್ಯವಿಲ್ಲ ಎಂದಳು. ಬಿಸಿ ಇಸ್ತ್ರಿಯನ್ನು ಇಳಿಸಿಟ್ಟು ಜೊತೆಗೆ ಹೋದೆ.

ದೊಡ್ಡ ಮಾಸ್ಟರ್ ಕಿಟಕಿಯ ಬಳಿ ಕೂತಿದ್ದರು. ಅವಳನ್ನು ಕಂಡು ಮುಖ ಅರಳಿತು, ಹೊಸ ಮಾಸ್ಟರ್ ಹೇಗಿದ್ದಾನೆ ಎಂದರು. ಅವಳು ಟೇಪನ್ನು ಅವರ ಮಡಿಲಲ್ಲಿಟ್ಟಳು. ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದಳು. ಏಳು ವರ್ಷ ಹೊತ್ತದ್ದನ್ನು ಹೇಳಲು ಅಷ್ಟೇ ಸಾಕಾಯಿತು. ಅವರು ತಂಗಿಯನ್ನು ಕರೆದು ಪೆಟ್ಟಿಗೆಯಿಂದ ತಮ್ಮ ಹಳೆಯ ಟೇಪು ತರಿಸಿದರು. ಎರಡನ್ನೂ ತೊಡೆಯ ಮೇಲೆ ಜೋಡಿಸಿದರು. ಒಂದು ನಾಲ್ಕು ಬೆರಳು ಹಿಂದೆಯೇ ನಿಂತಿತು.

“ಹಾಗಾದ್ರೆ ನನ್ನ ಕಣ್ಣು ಸರಿಯಾಗಿತ್ತು.”

ಅದನ್ನು ಅವರು ನಮಗೆ ಹೇಳಲಿಲ್ಲ, ತಮಗೇ ಹೇಳಿಕೊಂಡರು. ಮುಖದಲ್ಲಿ ಸಿಟ್ಟಿಗಿಂತ ಮೊದಲು ಬಂದದ್ದು ಸಂತೋಷ, ಅದನ್ನು ನೋಡಲಾಗದೆ ನಾನು ಗೋಡೆ ನೋಡಿದೆ. ತಂಗಿಯ ಹತ್ತಿರ ಒಂದು ಹಳೆಯ ದುಪ್ಪಟಿ, ಸೀಮೆಸುಣ್ಣದ ತುಂಡು, ಅಡುಗೆಮನೆಯ ಕತ್ತರಿ ಕೇಳಿದರು. ನೆಲದ ಮೇಲೆ ಹಾಸಿ, ಮಂಡಿಯೂರಿ, ತೋಳಿನ ಬಾಗು ಎಳೆಯಲು ಹೊರಟರು. ಕಣ್ಣು ಮುಚ್ಚಿಕೊಂಡೂ ಎಳೆಯುತ್ತಿದ್ದ ಗೆರೆ ಅದು. ಸುಣ್ಣ ನಡುವೆ ನಿಂತಿತು, ಅಡ್ಡ ಹೋಯಿತು, ಮತ್ತೆ ನಿಂತಿತು. ಒರೆಸಿ ಇನ್ನೊಮ್ಮೆ ಎಳೆದರು. ಏಳು ವರ್ಷ ತನ್ನನ್ನು ತಾನೇ ನಂಬದ ಕೈ ಒಂದೇ ದಿನಕ್ಕೆ ನಂಬೀತೇ? ಗುಂಡಿಯಕ್ಕ ಅವರ ಕಾಲ ಬಳಿ ಕೂತು ಬೈಯಿರಿ ಮಾಸ್ಟ್ರೇ, ಹೊಡೆಯಿರಿ ಎಂದು ಬೇಡಿಕೊಂಡಳು. ಅವರು ಬೈಯಲಿಲ್ಲ. ಸುಣ್ಣದ ತುಂಡನ್ನು ಅವಳ ಕೈಗೆ ಕೊಟ್ಟರು.

“ಆವತ್ತು ನೀವು ಹೇಳಿಸಿದ ಸುಳ್ಳು ಇವತ್ತು ನಿಜ ಆಯ್ತಮ್ಮ” ಎಂದರು. ಆಮೇಲೆ, “ನನಗೊಂದು ಕೋಟು ಬೇಕು. ನಿನ್ನ ಗಂಡ ಬಂದು ಅಳತೆ ತಗೊಳ್ಳಲಿ. ಈ ಟೇಪಲ್ಲೇ” ಎಂದು ಕುಗ್ಗಿದ ಟೇಪನ್ನು ಸುತ್ತಿ ಅವಳಿಗೇ ವಾಪಸು ಕೊಟ್ಟರು.

ಮನೆಗೆ ಬರಬೇಡ ಎಂದವನು ಬಾಗಿಲು ತೆಗೆದ. ಅವಳು ಟೇಪನ್ನು ಅವನ ಮುಂದಿಟ್ಟಳು. ಬೂದಿಯಾಗಿದೆ ಎಂದುಕೊಂಡಿದ್ದ ವಸ್ತು. ಅವನು ಮುಟ್ಟಲಿಲ್ಲವಂತೆ. ಆಮೇಲೆ ಒಂದೇ ಪ್ರಶ್ನೆ ಕೇಳಿದ, ಬೈದರಾ? ಇಲ್ಲ ಎಂದಳು. ಬೈದಿದ್ದರೆ ಹೋಗಬಹುದಿತ್ತು ಎಂದ. ಆ ವಾರವೆಲ್ಲ ಅಂಗಡಿಯಲ್ಲಿ ಅವನು ಒಂದೊಂದು ಬಟ್ಟೆಯನ್ನೂ ಮೂರು ಮೂರು ಸಲ ಅಳೆದನೆಂದು ಕೇಳಿದೆ. ಕುಗ್ಗಿದ ಟೇಪು ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪವಾಗಿ ಮೇಜಿನ ಮೇಲೆ ಬಿದ್ದಿತ್ತು. ಎಂಟನೆಯ ದಿನ ಗಂಡ ಹೆಂಡತಿ ಇಬ್ಬರೂ ಗಾಡಿಯ ಮುಂದೆ ಬಂದು ನಿಂತರು. ನೀನೂ ಬಾ ಇಸ್ತ್ರಿಯಕ್ಕ ಎಂದಳು ಅವಳು. ಅವನು ನನ್ನ ಮುಖ ನೋಡಲಿಲ್ಲ.

ದೊಡ್ಡ ಮಾಸ್ಟರ್ ಗೋಡೆ ಹಿಡಿದು ಎದ್ದು ನಿಂತರು. ಅವನು ಕೊರಳಿನಿಂದ ಕುಗ್ಗಿದ ಟೇಪು ತೆಗೆದು ಅವರ ಎದೆಗೆ ಸುತ್ತಿದ. ಒಂದು ಕಾಲಕ್ಕೆ ನಲವತ್ತೆರಡು ಇದ್ದ ಎದೆ. ಅಂಕಿ ಓದಿದ, ಬಾಯಿಂದ ಬರಲಿಲ್ಲ. ಅವರೇ ತಲೆ ಬಗ್ಗಿಸಿ ನೋಡಿ, ಬರ್ಕೊಳ್ಳಮ್ಮ, ಮೂವತ್ತಾರು ಎಂದರು. ಗುಂಡಿಯಕ್ಕ ಬರೆದುಕೊಂಡಳು. ಭುಜ, ತೋಳು, ಬೆನ್ನು, ಎಲ್ಲವನ್ನೂ ಅವರೇ ಕೂಗಿದರು.

ಅವನು ಅದೇ ಟೇಪಿನಲ್ಲಿ ಕತ್ತರಿಸಿದ, ಅವರು ಕೊಟ್ಟಿದ್ದ ಕತ್ತರಿಯಲ್ಲಿ. ಹೊಲಿದವನೂ ಅವನೇ, ಮಿಷನ್ನಿನವರಿಗೆ ಕೊಡಲಿಲ್ಲ. ಗುಂಡಿ ಅವಳು ಹಾಕಿದಳು. ಕೊನೆಯ ಇಸ್ತ್ರಿಗೆ ಕೋಟು ನನ್ನ ಗಾಡಿಗೆ ಬಂತು. ಬೂದು ಬಣ್ಣದ ಒಳ್ಳೆಯ ಬಟ್ಟೆ. ಇಸ್ತ್ರಿ ಕೆಂಡದಂತೆ ಕಾದಿತ್ತು. ಒಂದು ಗಳಿಗೆ ಎದೆಯ ಮೇಲೆ ಇಟ್ಟು ಸುಮ್ಮನಿದ್ದುಬಿಟ್ಟರೆ, ಅಂದು ನಾನು ಮಾಡದ ತಪ್ಪು ಇಂದು ಮಾಡಿದಂತಾಗುತ್ತಿತ್ತು. ಮನಸ್ಸಿಗೆ ಬಂದದ್ದನ್ನು ಯಾಕೆ ಮುಚ್ಚಿಡಲಿ. ಆದರೆ ಅದು ದೊಡ್ಡ ಮಾಸ್ಟರ್ ಕೋಟು. ಒದ್ದೆ ಬಟ್ಟೆ ಹಾಸಿ, ಮೆಲ್ಲನೆ ಒತ್ತಿ, ಮಡಿಕೆ ಬೀಳದಂತೆ ಕೊಟ್ಟೆ. ನನ್ನ ಸುಟ್ಟ ಕೋಟಿನ ವಿಷಯ ಅಂದೂ ಯಾರೂ ಎತ್ತಲಿಲ್ಲ, ಮುಂದೆಯೂ ಎತ್ತಲಿಲ್ಲ.

ಕೋಟು ತೊಡಿಸುವಾಗ ನಾನೂ ಇದ್ದೆ. ಗುಂಡಿಯಕ್ಕ ಎದುರು ನಿಂತು ಮೂರು ಗುಂಡಿ ಹಾಕಿದಳು. ದೊಡ್ಡ ಮಾಸ್ಟರ್ ಕೈ ಎತ್ತಿ ಇಳಿಸಿದರು. ಎದೆಯಲ್ಲಿ ಉಳಿದಿದ್ದಷ್ಟು ಉಸಿರನ್ನೂ ಎಳೆದುಕೊಂಡರು, ಅಂದು ಕಹಳೆಯವನು ಎಳೆದ ಹಾಗೆ. ಬಟ್ಟೆ ಎಲ್ಲೂ ಬಿಗಿಯಲಿಲ್ಲ. ಎರಡು ಸಲವೂ ಟೇಪು ಒಂದೇ ಸುಳ್ಳು ಹೇಳಿತ್ತು. ಅವರು ಕೋಟಿನ ಅಂಚನ್ನು ಮಡಚಿ ಬೆರಳಿನಿಂದ ಒಳಗೆ ತಡವಿದರು.

“ಒಳಗೆ ಬಟ್ಟೆ ಬಿಟ್ಟಿದೀಯ.”

“ಹೌದು ಮಾಸ್ಟ್ರೇ. ಭಯ ಆಯ್ತು.”

“ನಾನೂ ಆವತ್ತು ಬಿಟ್ಟಿದ್ರೆ ಕೋಟಾದ್ರೂ ಉಳೀತಿತ್ತು” ಎಂದರು. ಆಮೇಲೆ ಕನ್ನಡಿಯ ಕಡೆ ತಿರುಗಿ ಭುಜ, ತೋಳು, ಕಾಲರು ಎಲ್ಲವನ್ನೂ ಒಬ್ಬ ಗಿರಾಕಿಯದನ್ನು ನೋಡುವಂತೆ ನೋಡಿದರು. “ಚೆನ್ನಾಗಿ ಕೂತಿದೆ. ನೋಡಿದವರಿಗೆ ಏನೂ ಗೊತ್ತಾಗಲ್ಲ.”

“ನಮಗೆ ಗೊತ್ತಲ್ಲ ಮಾಸ್ಟ್ರೇ” ಎಂದಳು ಗುಂಡಿಯಕ್ಕ.

ಕನ್ನಡಿಯಲ್ಲಿ ಅವರ ಹಿಂದೆ ಗಂಡ ಹೆಂಡತಿ ಇಬ್ಬರೂ ಕಾಣುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ಅವಳು ಅವನ ಅಂಗಿಯ ತುದಿ ಹಿಡಿದುಕೊಂಡಿದ್ದಳು. ಅವರು ಕನ್ನಡಿಯಿಂದ ಕಣ್ಣು ತೆಗೆಯದೆ ಹೇಳಿದರು.

“ಹೂಂ. ನಿಮಗೆ ಗೊತ್ತಿರ್ಲಿ.”

ಕ್ಷಮಿಸಿದೆ ಎನ್ನಲಿಲ್ಲ, ಶಾಪವನ್ನೂ ಹಾಕಲಿಲ್ಲ. ಆ ಕೋಟಿನಲ್ಲಿ ಅವರು ಇನ್ನು ಮೂರು ತಿಂಗಳು ಬದುಕಿದರು. ಬೀದಿ ದಾಟುವಾಗ ಯಾರನ್ನೂ ಕೇಳುತ್ತಿರಲಿಲ್ಲ ಎಂದು ತಂಗಿ ಹೇಳಿದರು. ಗುಂಡಿಯಕ್ಕ ಆಮೇಲೆ ಸಾಯುವವರೆಗೂ ಏನನ್ನೂ ಅಳೆಯಲಿಲ್ಲ. ಅವನು ಮಾತ್ರ ಹೊಸ ಟೇಪನ್ನು ತೆಗೆದಿಟ್ಟು ಆ ಕುಗ್ಗಿದ ಟೇಪನ್ನೇ ಕೊರಳಿಗೆ ಹಾಕಿಕೊಂಡ. ಇವತ್ತಿಗೂ ಅಳೆಯುವುದು ಅದರಲ್ಲೇ, ಕತ್ತರಿಸುವುದೂ ಅದರಲ್ಲೇ. ಒಂದು ಕೋಟೂ ಬಿಗಿಯಾಗಿಲ್ಲ.